ಬೆಳ್ಗೊಳದ ದೊಣೆ, ಕಟ್ಟೆ, ಕಲ್ಯಾಣಿ

ಶ್ರವಣಬೆಳಗೊಳದ ಹೆಸರಿನಲ್ಲಿಯೇ ನೀರಿದೆ. ‘ಬೆಳ್’ ಎಂದರೆ ಬಿಳಿಯ, ‘ಕೊಳ’ ಎಂದರೆ ಸರೋವರ. ಈ ಬೆಳ್ಗೊಳವನ್ನೇ ಶಾಸನಗಳು ಧವಳಸರೋವರ, ಶ್ವೇತಸರೋವರ ಎಂದು ಸಂಸ್ಕೃತೀಕರಿಸಿವೆ. ಆದರೆ ಕ್ಷೇತ್ರವನ್ನು ಕುರಿತ ಅಧ್ಯಯನಗಳಲ್ಲಿ ಗೊಮ್ಮಟಮೂರ್ತಿ, ಬಸದಿ, ನಿಸಿದಿಗಳಿಗೆ ದೊರೆತ ಸ್ಥಾನ ಇಲ್ಲಿನ ಜಲಾಶಯಗಳಿಗೆ ದೊರೆತಿಲ್ಲ. ಮಳೆನೀರನ್ನು ಹಿಡಿದಿಟ್ಟವರ ಹೆಸರುಗಳೂ ಇಲ್ಲಿನ ಕಲ್ಲುಗಳಲ್ಲಿಯೇ ಉಳಿದಿವೆ. ಅವನ್ನು ಒಟ್ಟಿಗೆ ಓದಿದಾಗ ದಾನದ ಇತಿಹಾಸದ ಇನ್ನೊಂದು ಮುಖ ಕಾಣುತ್ತದೆ.

ಮೊದಲು ಭೂಮಿಯ ಸ್ವರೂಪವನ್ನು ಗಮನಿಸಬೇಕು. ಬೋಳು ಬಂಡೆ ಮಳೆನೀರನ್ನು ಹೀರುವುದಿಲ್ಲ. ಒಂದು ಎಕರೆ ಬಂಡೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರು ಬೀಳುತ್ತದೆ. ಅದರ ಬಹುಪಾಲು ಇಳಿಜಾರಿನಲ್ಲಿ ಹರಿದುಬಿಡುತ್ತದೆ. ಬಂಡೆಯ ತಗ್ಗುಗಳಲ್ಲಿ ನಿಲ್ಲುವ ಇಂಥ ನೀರಿನ ತಾಣವೇ ದೊಣೆ. ಚಿಕ್ಕಬೆಟ್ಟದಲ್ಲಿ ಕಂಚಿನ ದೊಣೆ, ಲಕ್ಕಿದೊಣೆ ಎಂಬ ಎರಡಿವೆ. ಎರಡನೆಯದು ಲಕ್ಕಿ ಎಂಬ ಹೆಣ್ಣುಮಗಳು ಮಾಡಿಸಿದ್ದೆಂದು ತಿಳಿಯಲಾಗಿದೆ. ಅದರ ಪಕ್ಕದ ಬಂಡೆಯಲ್ಲಿ ಯಾತ್ರಿಕರು ಕೆತ್ತಿದ ಹೆಸರುಗಳು ಸಾಲಾಗಿವೆ. ಬೆಟ್ಟವೇರಿದವರು ನೀರಿದ್ದಲ್ಲಿ ತಂಗಿದರೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ.

ಬೆಟ್ಟದ ಕೆಳಗೆ, ಭಂಡಾರಿ ಬಸದಿಯ ದಕ್ಷಿಣಕ್ಕಿರುವುದು ಜಕ್ಕಿಕಟ್ಟೆ. ಇದನ್ನು ಮಾಡಿಸಿದವಳು ಜಕ್ಕಿಮವ್ವೆ: ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಅತ್ತಿಗೆ, ಬೊಪ್ಪದೇವನ ತಾಯಿ, ಶುಭಚಂದ್ರ ಸಿದ್ಧಾಂತದೇವರ ಗುಡ್ಡಿ. ಕಟ್ಟೆಯ ಬಳಿಯ ಬಂಡೆಯಲ್ಲಿ ಜಿನಬಿಂಬವನ್ನೂ ಕಂಡರಿಸಿದ್ದಾರೆ. ಜಿನನ ಪ್ರತಿಮೆ, ನೀರಿನ ಕಟ್ಟೆ ಇವೆರಡೂ ಆ ಶ್ರಾವಕಿಗೆ ಒಂದೇ ಪುಣ್ಯಕಾರ್ಯದ ಅಂಗಗಳಾಗಿದ್ದವು.

ಇಲ್ಲಿ ಒಂದು ಧಾರ್ಮಿಕ ಪ್ರಶ್ನೆ ಏಳುತ್ತದೆ. ಅದೇ 12ನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರು ರಚಿಸಿದ ‘ಯೋಗಶಾಸ್ತ್ರ’ವು ಶ್ರಾವಕರು ತೊರೆಯಬೇಕಾದ 15 ವೃತ್ತಿಗಳನ್ನು ಹೇಳುತ್ತದೆ. ಕೆರೆಬಾವಿಗಳನ್ನು ತೋಡಿ ಜೀವಿಸುವ ಸ್ಫೋಟಜೀವಿಕೆ ಅವುಗಳಲ್ಲೊಂದು. ಕೆರೆಯನ್ನು ಬತ್ತಿಸುವ ಸರಃಶೋಷ ಮತ್ತೊಂದು. ಹೇಮಚಂದ್ರರದು ಶ್ವೇತಾಂಬರ ಪರಂಪರೆ, ಬೆಳ್ಗೊಳದ್ದು ದಿಗಂಬರ. ಆದರೆ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಜೀವವಿದೆಯೆಂಬ ತತ್ತ್ವ ಎರಡಕ್ಕೂ ಸಮಾನ. ಹಾಗಿದ್ದರೆ ಕಟ್ಟೆ ತೋಡಿಸುವುದು ಪುಣ್ಯವಾದದ್ದು ಹೇಗೆ? ಪಟ್ಟಿಯಲ್ಲಿರುವುದು ಲಾಭಕ್ಕಾಗಿ ಹಿಡಿಯುವ ಕಸುಬು. ಜಕ್ಕಿಮವ್ವೆ ಮಾಡಿದ್ದು ದಾನ. ಹಿಂಸೆಯ ಅಲ್ಪಾಂಶವನ್ನು ಅರಿತೂ ಬಾಯಾರಿದ ಜೀವಗಳ ಹಿತವನ್ನು ಮುಂದಿಟ್ಟ ಗೃಹಸ್ಥಧರ್ಮವನ್ನು ಈ ಕಟ್ಟೆಯಲ್ಲಿ ಕಾಣಬಹುದೆಂದು ನನಗೆ ತೋರುತ್ತದೆ. ಬತ್ತಿಸುವುದನ್ನು ನಿಷೇಧಿಸಿದ ಧರ್ಮದಲ್ಲಿ ಕೂಡಿಡುವುದಕ್ಕೆ ಗೌರವ ದೊರೆತದ್ದು ಸಹಜ.

ಊರಿನ ನಡುವಣ ಕಲ್ಯಾಣಿಯದು ಮತ್ತೊಂದು ಬಗೆಯ ಚರಿತ್ರೆ. ಮೈಸೂರಿನ ಚಿಕ್ಕದೇವರಾಜ ಒಡೆಯರು ಇದಕ್ಕೆ ಸೋಪಾನ, ಪ್ರಾಕಾರ, ಗೋಪುರಗಳನ್ನು ಕಟ್ಟಿಸಲಾರಂಭಿಸಿದರು. 1704ರಲ್ಲಿ ಅವರು ತೀರಿಕೊಂಡ ಮೇಲೆ ಅಧಿಕಾರಿ ಅಣ್ಣಯ್ಯನು ಒಂದನೆಯ ಕೃಷ್ಣರಾಜ ಒಡೆಯರ ಕಾಲದಲ್ಲಿ ಕೆಲಸವನ್ನು ಪೂರೈಸಿದನೆಂದು ಅನಂತಕವಿಯ ಗೊಮ್ಮಟೇಶ್ವರಚರಿತೆ ಹೇಳುತ್ತದೆ. ಅರಸನು ಆರಂಭಿಸಿದ ನೀರಿನ ಕೆಲಸ ಮುಗಿಯಲು ಒಬ್ಬ ಶ್ರದ್ಧಾವಂತ ಅಧಿಕಾರಿ ಬೇಕಾಯಿತು.

ಹೀಗೆ ಯಾತ್ರಿಕರ ದೊಣೆ, ಶ್ರಾವಕಿಯ ಕಟ್ಟೆ, ಅರಸರ ಕಲ್ಯಾಣಿ ಈ ಮೂರೂ ಬಂಡೆಗಳ ನಡುವೆ ನೀರನ್ನು ಕಾಯ್ದಿಟ್ಟಿವೆ. ಶಾಸನವನ್ನು ಅಭ್ಯಸಿಸುವವರು ದಾನಿಯ ಹೆಸರು, ಗುರುಪರಂಪರೆ, ತೇದಿಗಳ ಜೊತೆಗೆ ಯಾವ ಇಳಿಜಾರಿನ ನೀರು ಎಲ್ಲಿ ಬಂದು ನಿಲ್ಲುತ್ತಿತ್ತೆಂಬುದನ್ನೂ ಗುರುತಿಸಿಕೊಳ್ಳಬೇಕು. ಶಾಸನದ ಅಕ್ಷರಗಳಿಗೆ ಪಡಿಯಚ್ಚುಗಳಿವೆ. ಆ ನೀರಿನ ದಾರಿಗಳಿಗೆ ಇಲ್ಲ. ಅವುಗಳ ಮೇಲೆ ಮನೆ ರಸ್ತೆಗಳು ಎದ್ದರೆ ಜಕ್ಕಿಮವ್ವೆಯ ದಾನವು ಬರಿಯ ಹೆಸರಾಗಿ ಉಳಿಯುತ್ತದೆ.