ಪರ್ಪೆಚುವಲ್ ಕ್ಯಾಲೆಂಡರ್ ವಾಚು: ಹಳೆಯದನ್ನು ಕೊಳ್ಳುವ ಮುಂಚೆ ಗೊತ್ತಿರಬೇಕಾದ ಸಂಗತಿಗಳು

ತಾರೀಖು ತೋರಿಸುವ ಮಾಮೂಲಿ ವಾಚನ್ನು ವರ್ಷಕ್ಕೆ ಐದು ಸಲ ಕೈಯಾರೆ ಸರಿಪಡಿಸಬೇಕು. ಫೆಬ್ರವರಿ, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರ್ ತಿಂಗಳುಗಳಿಗೆ 31 ದಿನ ಇಲ್ಲವೆಂಬುದು ಅದಕ್ಕೆ ಗೊತ್ತಿಲ್ಲ. ಆನ್ಯುವಲ್ ಕ್ಯಾಲೆಂಡರ್ ವಾಚಿಗೆ ವರ್ಷಕ್ಕೊಮ್ಮೆ, ಫೆಬ್ರವರಿ ಮುಗಿದಾಗ ಮಾತ್ರ ಕೈ ಹಾಕಿದರೆ ಸಾಕು. ಪರ್ಪೆಚುವಲ್ ಕ್ಯಾಲೆಂಡರ್ ವಾಚು ಅಧಿಕ ವರ್ಷದ ಫೆಬ್ರವರಿ 29ನ್ನೂ ತಾನೇ ಲೆಕ್ಕ ಹಾಕುತ್ತದೆ. ನಿಲ್ಲದೆ ನಡೆದರೆ ಹೆಚ್ಚಿನವಕ್ಕೆ 2100ರ ಮಾರ್ಚ್ 1ರವರೆಗೆ ತಿದ್ದುಪಡಿ ಬೇಡ. 2100 ನಾಲ್ಕರಿಂದ ಭಾಗವಾದರೂ ಅಧಿಕ ವರ್ಷವಲ್ಲ.

ಒಳಗಿನ ಲೆಕ್ಕ

ಇದರ ಗುಟ್ಟು ನಾಲ್ಕು ವರ್ಷಕ್ಕೆ ಒಂದು ಸುತ್ತು ಹಾಕುವ ಒಂದು ಬಿಲ್ಲೆಯಲ್ಲಿದೆ. ಅದರ ಅಂಚಿನಲ್ಲಿ 48 ತಿಂಗಳ ಲೆಕ್ಕವಿದೆ. 31 ದಿನದ ತಿಂಗಳಿಗೆ ತಗ್ಗಿಲ್ಲ, 30ಕ್ಕೆ ಸಣ್ಣ ತಗ್ಗು, 28 ದಿನದ ಫೆಬ್ರವರಿಗೆ ಎಲ್ಲಕ್ಕಿಂತ ಆಳದ ತಗ್ಗು. ಒಂದು ಸನ್ನೆ ಆ ಆಳವನ್ನು ಮುಟ್ಟಿ ನೋಡಿ ತಿಂಗಳ ಕೊನೆಗೆ ಎಷ್ಟು ದಿನ ಹಾರಬೇಕೆಂದು ನಿರ್ಧರಿಸುತ್ತದೆ.

ಚರಿತ್ರೆ

ಇಂಗ್ಲೆಂಡಿನ ಥಾಮಸ್ ಮಡ್ಜ್ ಸುಮಾರು 1762ರಲ್ಲೇ ಇಂಥ ಜೇಬುಗಡಿಯಾರ ಮಾಡಿದ್ದ. ಕೈಗೆ ಕಟ್ಟುವ ಮೊದಲ ವಾಚನ್ನು ಜಿನೀವಾದ ಪಾಟೆಕ್ ಫಿಲಿಪ್ 1925ರಲ್ಲಿ ತಯಾರಿಸಿತು; ಅದರ ಯಂತ್ರ 1898ರಲ್ಲಿ ಪದಕದಂತೆ ಧರಿಸುವ ಗಡಿಯಾರಕ್ಕೆಂದು ಮಾಡಿದ್ದು. 1941ರಲ್ಲಿ ಅದೇ ಕಂಪೆನಿಯ 1526 ಮತ್ತು 1518 ಮಾದರಿಗಳು ಬಂದವು. ಡಯಲ್ ಮೇಲೆ ಅಧಿಕ ವರ್ಷ ತೋರಿಸಿದ ಮೊದಲ ಕೈಗಡಿಯಾರ ಒಡೆಮಾರ್ ಪಿಗೆಯ 5516. 1985ರಲ್ಲಿ ಐಡಬ್ಲ್ಯುಸಿಗಾಗಿ ಕುರ್ಟ್ ಕ್ಲಾಸ್ ರೂಪಿಸಿದ ‘ಡಾ ವಿಂಚಿ’ಯಲ್ಲಿ ಎಲ್ಲವನ್ನೂ ಕೀಲಿ ಗುಂಡಿಯಿಂದಲೇ ಹೊಂದಿಸಬಹುದು, ಆದರೆ ಮುಂದಕ್ಕೆ ಮಾತ್ರ.

ಉಕ್ಕಿನ ಕೇಸಿನ ಒಂದು 1518 ವಾಚು 2016ರ ಜಿನೀವಾ ಹರಾಜಿನಲ್ಲಿ 1.1 ಕೋಟಿ ಸ್ವಿಸ್ ಫ್ರಾಂಕ್‌ಗೆ ಹೋಯಿತು. ಈ ಸುದ್ದಿ ಓದಿ ಹಳೆಯ ವಾಚೆಲ್ಲ ಬಂಗಾರ ಅಂದುಕೊಂಡರೆ ಮೋಸ ಹೋಗುವುದು ಖಂಡಿತ. ಉಕ್ಕಿನ 1518 ಜಗತ್ತಿನಲ್ಲಿ ಗೊತ್ತಿರುವುದು ನಾಲ್ಕೇ.

ಹೆಸರಿನ ಗೊಂದಲ

ರೋಲೆಕ್ಸ್ ಡಯಲ್ ಮೇಲಿನ ‘ಪರ್ಪೆಚುವಲ್’ ಎಂಬುದು ಕೈಯ ಅಲುಗಾಟದಿಂದ ತಾನೇ ಕೀಲಿ ಸುತ್ತಿಕೊಳ್ಳುವುದನ್ನು ಸೂಚಿಸುತ್ತದೆ, ಕ್ಯಾಲೆಂಡರನ್ನಲ್ಲ. ಓರಿಯೆಂಟ್‌ನ ‘ಮಲ್ಟಿ ಇಯರ್ ಕ್ಯಾಲೆಂಡರ್’ ನಾವೇ ತಿರುಗಿಸಿ ನೋಡುವ ಪಟ್ಟಿ. ಸೀಕೊ, ಸಿಟಿಜನ್‌ಗಳ ಸೆಲ್ ವಾಚುಗಳಲ್ಲಿ 2100ರವರೆಗೆ ಲೆಕ್ಕ ಹಾಕುವ ಮಾದರಿಗಳಿವೆ. ಸಂಬಳದವರ ಕೈಗೆ ಎಟಕುವುದು ಇವೇ.

ಕೊಳ್ಳುವಾಗ ನೋಡಬೇಕಾದ್ದು

• ಡಯಲ್‌ಗೆ ಹೊಸದಾಗಿ ಬಣ್ಣ ಹಾಕಿದ್ದರೆ, ಕೇಸನ್ನು ಉಜ್ಜಿ ಅಂಚು ಸವೆದಿದ್ದರೆ ಬೆಲೆ ಬಹಳ ಇಳಿಯುತ್ತದೆ.
• ಕೇಸ್ ಮತ್ತು ಯಂತ್ರದ ನಂಬರ್‌ಗಳನ್ನು ಕಂಪೆನಿಯ ಹಳೆ ದಾಖಲೆಗೆ ತಾಳೆ ನೋಡಿ. ಪಾಟೆಕ್ ಕೊಡುವ ದಾಖಲೆಯ ಸಾರ ವಾಚು ಯಾವಾಗ ತಯಾರಾಯಿತು, ಮಾರಾಟವಾಯಿತು ಎಂದು ಹೇಳುತ್ತದೆ. ಕೈಯಲ್ಲಿರುವುದು ಅಸಲಿ ಎಂಬ ಗ್ಯಾರಂಟಿ ಅದಲ್ಲ.
• ಕ್ಯಾಲೆಂಡರ್ ಫೆಬ್ರವರಿ 28 ದಾಟಿ ಸರಿಯಾಗಿ ಹೋಗುತ್ತದೆಯೇ ಎಂದು ತಿಳಿದವರಿಂದ ಪರೀಕ್ಷೆ ಮಾಡಿಸಿ.
• ರಾತ್ರಿ ಸುಮಾರು 9ರಿಂದ ಬೆಳಗಿನ ಜಾವ 3ರವರೆಗೆ ಕ್ಯಾಲೆಂಡರ್ ಗುಂಡಿ ಒತ್ತಬೇಡಿ. ಆ ಹೊತ್ತಿಗೆ ಚಕ್ರಗಳು ತಾರೀಖು ಬದಲಿಸುವುದರಲ್ಲಿ ತೊಡಗಿರುತ್ತವೆ, ಹಲ್ಲು ಮುರಿಯಬಹುದು.

ಖರ್ಚಿನ ಪಟ್ಟಿ

ಬೆಲೆಯೊಂದೇ ಖರ್ಚಲ್ಲ. ದೊಡ್ಡ ಹರಾಜು ಮನೆಗಳು ಕೊಳ್ಳುವವರಿಂದ ಸುಮಾರು ಕಾಲುಭಾಗ ಹೆಚ್ಚಿಗೆ ವಸೂಲಿ ಮಾಡುತ್ತವೆ. ಸರ್ವಿಸ್ ಬಿಲ್, ವಿಮೆ ಬೇರೆ. ಊರಿಗೆ ಒಯ್ಯುವಾಗ ಬೆಲೆಬಾಳುವ ವಾಚನ್ನು ಕಸ್ಟಮ್ಸ್‌ನಲ್ಲಿ ತಿಳಿಸಬೇಕು, ಸುಂಕ ಬೀಳಬಹುದು, ಬಿಲ್ ಜೊತೆಗಿರಲಿ. ಊರಿನಿಂದ ತಂದ ಸ್ವಂತ ವಾಚಾದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಿಂದ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ ವಾಪಸಾಗುವಾಗ ತಕರಾರು ಇರುವುದಿಲ್ಲ.

ಸಾಲ ಮಾಡಿ, ಮಕ್ಕಳ ಫೀಸಿನ ಹಣ ಮುರಿದು ‘ಇನ್ವೆಸ್ಟ್‌ಮೆಂಟ್’ ಎಂದು ಇದನ್ನು ಕೊಳ್ಳುವುದು ಬೇಡ. ತುರ್ತಿಗೆ ಮಾರಲು ಹೋದವನಿಗೆ ಅಂಗಡಿಯವನು ಹೇಳಿದ್ದೇ ರೇಟು. ಹವ್ಯಾಸ ಶುರು ಮಾಡಲು ಬೇರೆ ದಾರಿಯೂ ಇದೆ: ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿಯ ಕೀಲಿ ವಾಚು ಊರಿನ ಎಷ್ಟೋ ಮನೆಗಳ ಬೀರುವಿನಲ್ಲಿದೆ. ಅದರಲ್ಲಿ ತಾರೀಖು ಇದ್ದರೆ ವರ್ಷಕ್ಕೆ ಐದು ಸಲ ತಿದ್ದಬೇಕು, ಅಷ್ಟೇ.