1800 ವರ್ಷ ಹಳೆಯ ಕಷಾಯ, ಇವತ್ತಿನ ಲಿವರ್ ಕಾಯಿಲೆ: ಜಪಾನ್ ಕಲಿತ ಪಾಠವೇನು?

ಪ್ರಾಚೀನ ಚೀನೀ ಕಷಾಯಗಳನ್ನು ಇವತ್ತಿನ ಕಾಯಿಲೆಗಳಿಗೆ ಕೊಡುವುದನ್ನು ಚೀನಾ, ಜಪಾನ್ ಸರ್ಕಾರಗಳೇ ಒಪ್ಪಿವೆ. ಆದರೆ ಗ್ರಂಥ ಹಳೆಯದು ಅನ್ನೋದೇ ಔಷಧಿ ಸುರಕ್ಷಿತ ಅನ್ನೋದಕ್ಕೆ ಪುರಾವೆ ಆಗುತ್ತಾ?

ಯಾವುದು ಈ ಕಷಾಯ?

ಚೀನಾದಲ್ಲಿ ಶಿಯಾವ್ ಚಾಯ್ ಹು ಟಾಂಗ್, ಜಪಾನಿನಲ್ಲಿ ಶೋಸೈಕೋತೋ. ಕ್ರಿ.ಶ. 200ರ ಆಸುಪಾಸಿನಲ್ಲಿ ವೈದ್ಯ ಝಾಂಗ್ ಝೊಂಗ್‌ಜಿಂಗ್ ಬರೆದ ‘ಶಾಂಗ್ ಹಾನ್ ಲುನ್’ನಲ್ಲಿದೆ. ಜಿನ್ಸೆಂಗ್, ಶುಂಠಿ, ಜ್ಯೇಷ್ಠಮಧು, ಎಲಚಿ ಜಾತಿಯ ಹಣ್ಣು ಸೇರಿ ಏಳು ಪದಾರ್ಥ. ಚಳಿ, ಜ್ವರ ಒಂದಾದ ಮೇಲೊಂದು ಬರುವುದು, ಪಕ್ಕೆ ಬಿಗಿತ, ವಾಕರಿಕೆ, ಊಟ ಸೇರದಿರುವುದು ಇದ್ದರೆ ಕೊಡಿ ಅನ್ನುತ್ತೆ ಗ್ರಂಥ. ಅಂದರೆ ನೋಡಬೇಕಾದ್ದು ಕಾಯಿಲೆಯ ಹೆಸರನ್ನಲ್ಲ, ಲಕ್ಷಣಗಳನ್ನು. ರೋಗಿಗೆ ತಕ್ಕಂತೆ ಮೂಲಿಕೆ ಕೂಡಿಸಿ ಕಳೆಯುವ ಕ್ರಮವೂ ಅಲ್ಲೇ ಇದೆ.

ಜಪಾನಿನಲ್ಲಿ ಏನಾಯ್ತು?

1976ರಲ್ಲಿ ಜಪಾನ್ ಇಂಥ ಹಲವು ಸಿದ್ಧ ಔಷಧಿಗಳನ್ನು ರಾಷ್ಟ್ರೀಯ ಆರೋಗ್ಯ ವಿಮೆಯಡಿ ತಂದಿತು. ಶೋಸೈಕೋತೋ ದೀರ್ಘಕಾಲದ ಹೆಪಟೈಟಿಸ್‌ಗೆ ವ್ಯಾಪಕವಾಗಿ ಬಳಕೆಯಾಯ್ತು. ಆಮೇಲೆ ಕೆಲವರಲ್ಲಿ ಶ್ವಾಸಕೋಶದ ಗಂಭೀರ ಉರಿಯೂತ ಕಾಣಿಸಿತು. ಇಂಟರ್‌ಫೆರಾನ್ ಜೊತೆ ಕೊಡಬಾರದು ಅಂತ 1994ರಲ್ಲಿ ನಿಷೇಧ ಬಂತು. 1996ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವಾಲಯ ಹೇಳಿದ ಲೆಕ್ಕ: 88 ಮಂದಿಗೆ ತೊಂದರೆ, ಅವರಲ್ಲಿ 10 ಸಾವು.

ತಪ್ಪು ಯಾರದ್ದು?

ಲಕ್ಷಣ ನೋಡದೆ ಕಾಯಿಲೆಯ ಹೆಸರು ನೋಡಿ ಕೊಟ್ಟಿದ್ದೇ ತಪ್ಪು ಅನ್ನೋದು ಸಾಂಪ್ರದಾಯಿಕ ವೈದ್ಯರ ವಾದ. ಅದರಲ್ಲಿ ಹುರುಳಿದೆ. ಆದರೆ ಇಂಟರ್‌ಫೆರಾನ್ ಜೊತೆ ಸೇರಿದರೆ ಏನಾಗುತ್ತೆ ಅಂತ ಯಾವ ಪ್ರಾಚೀನ ಗ್ರಂಥವೂ ಹೇಳಲಾರದು. ಅದನ್ನು ಹೇಳಬೇಕಾದ್ದು ಇವತ್ತಿನ ಪರೀಕ್ಷೆ.

ಈಗ ಯಾಕೆ ಮುಖ್ಯ?

2018ರಲ್ಲಿ ಚೀನಾ 100 ಪ್ರಾಚೀನ ಕಷಾಯ, ಚೂರ್ಣಗಳ ಪಟ್ಟಿ ಹೊರಡಿಸಿತು. ಗ್ರಂಥದ ಕ್ರಮದಲ್ಲೇ ತಯಾರಿಸಿದರೆ ಮನುಷ್ಯರ ಮೇಲಿನ ಟ್ರಯಲ್ ಇಲ್ಲದೆ ಪರವಾನಗಿ ಸಿಗಬಹುದು. ಉಪಯೋಗವನ್ನು ಸಾಂಪ್ರದಾಯಿಕ ಪರಿಭಾಷೆಯಲ್ಲೇ ಬರೆಯಬೇಕು ಅನ್ನೋದು ಷರತ್ತು. ತೊಡಕು ಇರೋದು ಇಲ್ಲೇ: ಲೇಬಲ್ ಮೇಲೆ ಹಳೆಯ ಪದ, ರೋಗಿಯ ಕೈಯಲ್ಲಿ ಬ್ಲಡ್ ರಿಪೋರ್ಟ್.

ನಮ್ಮಲ್ಲೂ ತರ್ಕ ಹೆಚ್ಚುಕಡಿಮೆ ಇದೇ. ಭಾರತದ ಔಷಧ ನಿಯಮ 158ಬಿ ಪ್ರಕಾರ, ಆಯುರ್ವೇದ ಗ್ರಂಥದಲ್ಲಿರುವ ಔಷಧಿಯನ್ನು ಅಲ್ಲಿ ಹೇಳಿದ ಉಪಯೋಗಕ್ಕೇ ಮಾರುವುದಾದರೆ ಪ್ರತ್ಯೇಕ ಸುರಕ್ಷತಾ ಅಧ್ಯಯನ ಬೇಕಿಲ್ಲ.

ಹಾಗಂತ ಪರಂಪರೆಯನ್ನು ತಳ್ಳಿಹಾಕಬೇಕಿಲ್ಲ. ಲಕ್ಷಣ, ರೋಗ ಎರಡನ್ನೂ ದಾಖಲಿಸಿ ಟ್ರಯಲ್ ನಡೆಸಲಿ, ಅಡ್ಡಪರಿಣಾಮದ ಲೆಕ್ಕ ಜನರ ಮುಂದಿಡಲಿ. ಜಪಾನಿನಲ್ಲಿ ಯಾರೋ ಲೆಕ್ಕ ಇಟ್ಟಿದ್ದರಿಂದಲೇ ಆ 88 ಜನರ ವಿಷಯ ಹೊರಗೆ ಬಂತು. ಲೆಕ್ಕವನ್ನೇ ಇಡದಿದ್ದರೆ, ತೊಂದರೆಯೇ ಆಗಿಲ್ಲ ಅಂದುಬಿಡೋದು ಸುಲಭ.