ನೆಲೆ ಮತ್ತು ನೆರೆ: ನಾಲ್ಕು ತಾಲ್ಲೂಕುಗಳ ವಸತಿ ಚರಿತ್ರೆ

ಮನುಷ್ಯನು ನೆಲೆಯನ್ನು ಅರಸುವಾಗ ಮೊದಲು ನೋಡುವುದು ನೀರು, ನೆಲ, ಜೀವನೋಪಾಯಗಳನ್ನು. ಇವು ದೊರೆತ ಮೇಲೂ ಅವನ ಅರಸುವಿಕೆ ಮುಗಿಯುವುದಿಲ್ಲ. ತನ್ನ ಸ್ವಭಾವಕ್ಕೆ ಒಗ್ಗುವ ಜನ, ತನ್ನ ನಡೆನುಡಿಯನ್ನು ಅರಿಯಬಲ್ಲ ನೆರೆ, ಕಷ್ಟಸುಖಗಳಲ್ಲಿ ಕೂಡಿಬರುವ ಬಳಗ ಇವನ್ನು ಕಂಡ ಹೊರತು ಅವನು ಒಂದೆಡೆ ನೆಮ್ಮದಿಯಿಂದ ನಿಲ್ಲಲಾರ. ನೆಲೆ ಹೊಟ್ಟೆಯನ್ನು ಕಾಪಾಡಿದರೆ ನೆರೆ ಮನಸ್ಸನ್ನು ಕಾಪಾಡುತ್ತದೆ. ಈ ಎರಡೂ ಒಂದೇ ಸ್ಥಳದಲ್ಲಿ ಕೂಡಿಬಂದ ಬಗೆಯನ್ನೂ ಕೂಡಿಬಾರದೆ ಹೋದ ಬಗೆಯನ್ನೂ ತಿಳಿಯಲು ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಚರಿತ್ರೆ ಉತ್ತಮ ನಿದರ್ಶನವಾಗಿದೆ.

ಕಾವೇರಿ, ಹೇಮಾವತಿ, ಲೋಕಪಾವನಿಗಳ ನೀರು ಹರಿಯುವ ಈ ಸೀಮೆಯಲ್ಲಿ ಕಲ್ಲುಬೆಟ್ಟಗಳಿಗೂ ಕೊರತೆಯಿಲ್ಲ. ಒಂದೆಡೆ ಗದ್ದೆಯ ಬಯಲು, ಮತ್ತೊಂದೆಡೆ ಬರಿಯ ಬಂಡೆ. ಈ ವೈವಿಧ್ಯದಿಂದಲೇ ಬೇರೆ ಬೇರೆ ಸ್ವಭಾವದ ಜನರು ಇಲ್ಲಿ ತಮಗೆ ತಕ್ಕ ನೆಲೆಯನ್ನು ಕಂಡುಕೊಂಡರು. ಏಕಾಂತವನ್ನು ಬಯಸಿದವರು ಬೆಟ್ಟವನ್ನೇರಿದರು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ಬಂಡೆಗಳ ನಡುವೆ ನಾಥಪಂಥದ ಯೋಗಿಗಳು ಭೈರವನ ಸನ್ನಿಧಿಯಲ್ಲಿ ನೆಲೆನಿಂತರು. ಅದೇ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯಿದೆ. ಅದರ ಮುಂದಿನ ಎತ್ತರವಾದ ಶಿಲಾಸ್ತಂಭದಿಂದಲೇ ಊರಿಗೆ ಈ ಹೆಸರು ಬಂದಿತು. ಶ್ರವಣಬೆಳಗೊಳದ ಸಮೀಪದಲ್ಲಿರುವ ಈ ಊರನ್ನು ಜೈನರು ಆರಿಸಿಕೊಂಡುದು ಸಹಜವೇ ಆಗಿದೆ. ಸಹಧರ್ಮಿಗಳ ದೊಡ್ಡ ಕ್ಷೇತ್ರವೊಂದು ಹತ್ತಿರದಲ್ಲಿದ್ದರೆ ಚಿಕ್ಕ ಊರಿಗೂ ಬಲ ಬರುತ್ತದೆ. ನಾಗಮಂಗಲದ ಗಡಿಯಾಚೆ, ಕುಣಿಗಲು ಸೀಮೆಯ ಕಗ್ಗೆರೆಯಲ್ಲಿ ತೋಂಟದ ಸಿದ್ಧಲಿಂಗರು ನಾಗಿನಿಯ ದಡದ ತೋಟವೊಂದನ್ನು ತಪಸ್ಸಿಗೆ ಆರಿಸಿಕೊಂಡರು. ಆ ತೋಟವೇ ಅವರ ಹೆಸರಿನೊಡನೆ ಸೇರಿಹೋಯಿತು. ಊರೂರು ಸಂಚರಿಸಿದ ವಿರಕ್ತರೂ ಕಡೆಗೆ ತಮ್ಮ ಪ್ರಕೃತಿಗೆ ಹೊಂದುವ ಒಂದು ತಾಣವನ್ನು ಕಂಡುಕೊಂಡರೆಂಬುದು ಇದರಿಂದ ವಿದಿತವಾಗುತ್ತದೆ.

ವಿದ್ಯೆಯನ್ನೇ ವೃತ್ತಿಯಾಗಿ ಮಾಡಿಕೊಂಡವರಿಗೆ ಬೆಟ್ಟದ ಏಕಾಂತ ಸಾಲದು. ಅವರಿಗೆ ಓದುವವರ, ಕೇಳುವವರ, ವಾದಿಸುವವರ ಗುಂಪು ಬೇಕು. ಈ ಅಗತ್ಯದಿಂದ ಅಗ್ರಹಾರಗಳು ಹುಟ್ಟಿದವು. ಅರಸನೋ ದಂಡನಾಯಕನೋ ಊರನ್ನು ತೆರಿಗೆಯಿಲ್ಲದ ಭೂಮಿಯಾಗಿ ಬಿಟ್ಟುಕೊಡುತ್ತಿದ್ದನು. ಅದನ್ನು ವೃತ್ತಿಗಳಾಗಿ ಹಂಚಿ ವಿದ್ವಾಂಸರಿಗೆ ನೀಡಲಾಗುತ್ತಿತ್ತು. ಊರ ಆಡಳಿತ ಮಹಾಜನರ ಕೈಯಲ್ಲಿರುತ್ತಿತ್ತು. ಹೊಯ್ಸಳರ ಕಾಲದಲ್ಲಿ ತೊಂಡನೂರು, ಎಂದರೆ ಇಂದಿನ ತೊಣ್ಣೂರು, ಯಾದವನಾರಾಯಣ ಚತುರ್ವೇದಿಮಂಗಲವೆಂಬ ಹೆಸರಿನಿಂದ ಪ್ರಸಿದ್ಧವಾಗಿತ್ತು. ಮೂರನೆಯ ನರಸಿಂಹನ ಆಳ್ವಿಕೆಯಲ್ಲಿ ಪೆರುಮಾಳೆ ದಂಡನಾಯಕನು ಬೆಳ್ಳೂರನ್ನು ಉದ್ಭವನರಸಿಂಹಪುರವೆಂಬ ಅಗ್ರಹಾರವನ್ನಾಗಿ ಮಾಡಿದನು. ಅದೇ ಬೆಳ್ಳೂರಿನಲ್ಲಿ ಮಾಧವರಾಯನ ದೇಗುಲದೊಂದಿಗೆ ವಿಮಲನಾಥ ಬಸದಿಯೂ ಇರುವುದು ಗಮನಾರ್ಹ. ಒಬ್ಬರ ಊರಾಗಿ ಆರಂಭವಾದ ವಸತಿ ಕಾಲಕ್ರಮದಲ್ಲಿ ಹಲವರ ಊರಾಯಿತು.

ಅಗ್ರಹಾರ ಒಂದೇ ಬಗೆಯ ಜನರ ನೆರೆ. ಗದ್ದೆಗಳ ನಡುವಣ ಒಕ್ಕಲೂರುಗಳ ರೀತಿ ಬೇರೆ. ಅಲ್ಲಿ ಉಳುವವರು, ಕುಂಬಾರರು, ಕಮ್ಮಾರರು, ಅಗಸರು, ಗಾಣಿಗರು ಒಬ್ಬರನ್ನೊಬ್ಬರು ಅವಲಂಬಿಸಿ ಬಾಳಬೇಕಾಗಿತ್ತು. ಇಂಥವರನ್ನು ಒಂದೆಡೆ ಸೇರಿಸುವ ಕೆಲಸವನ್ನು ಕೆರೆ, ಸಂತೆ, ದೇಗುಲಗಳು ಮಾಡಿದವು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1171ರಲ್ಲಿ ಬ್ರಹ್ಮೇಶ್ವರ ದೇವಾಲಯವನ್ನು ಕಟ್ಟಿಸಿದವಳು ಬಮ್ಮವೆ ನಾಯಕಿತಿ ಎಂಬ ಸ್ತ್ರೀ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ 13ನೆಯ ಶತಮಾನದ್ದು. ಸಂತೆಬಾಚಹಳ್ಳಿಯ ಹೆಸರಿನಲ್ಲಿಯೇ ಸಂತೆಯಿದೆ. ಅತ್ತಿಗುಪ್ಪೆ ಎಂಬ ಹಳೆಯ ಊರು 1891ರಲ್ಲಿ ಕೃಷ್ಣರಾಜಪೇಟೆ ಎಂಬ ಹೆಸರನ್ನು ಪಡೆದಾಗ ಪೇಟೆಯೆಂಬ ಮಾತು ಅದಕ್ಕೆ ಸೇರಿತು. ಸಂತೆಗೆ ಬಂದವನ ಕುಲಕ್ಕಿಂತ ಅವನು ತಂದ ಸರಕು, ಅವನ ಮಾತಿನ ನಂಬಿಕೆಗಳೇ ಮುಖ್ಯ. ಪೇಟೆ ಬೆಳೆಯುವುದು ಈ ನಂಬಿಕೆಯ ಮೇಲೆ.

ಈ ಸೀಮೆಯ ಚರಿತ್ರೆಯಲ್ಲಿ ನೆಲೆಯನ್ನು ಅರಸಿ ಬಂದವರಲ್ಲಿ ಅತ್ಯಂತ ಪ್ರಸಿದ್ಧರು ಶ್ರೀರಾಮಾನುಜರು. ಚೋಳದೇಶದಲ್ಲಿ ಉಪದ್ರವಕ್ಕೆ ಒಳಗಾದ ಅವರು 12ನೆಯ ಶತಮಾನದಲ್ಲಿ ಹೊಯ್ಸಳ ನಾಡನ್ನು ಆಶ್ರಯಿಸಿ, ವಿಷ್ಣುವರ್ಧನನ ಗೌರವಕ್ಕೆ ಪಾತ್ರರಾಗಿ, ತೊಣ್ಣೂರಿನಲ್ಲಿಯೂ ಮೇಲುಕೋಟೆಯಲ್ಲಿಯೂ ಹಲವು ವರ್ಷ ನೆಲೆಸಿದರು. ಶ್ರೀವೈಷ್ಣವ ಸಂಪ್ರದಾಯ ಈ ಅವಧಿಯನ್ನು ಹನ್ನೆರಡು ವರ್ಷವೆಂದು ಎಣಿಸುತ್ತದೆ. ತಮಿಳು ನಾಡಿನಿಂದ ಬಂದ ಆಚಾರ್ಯರಿಗೆ ಇಲ್ಲಿನ ನುಡಿಯೂ ಜನವೂ ಹೊಸತು. ಮೇಲುಕೋಟೆಯ ಬೆಟ್ಟ ಅವರಿಗೆ ಒಗ್ಗಿದುದು ಕೇವಲ ರಾಜಾಶ್ರಯದಿಂದಲ್ಲ. ಚೆಲುವನಾರಾಯಣನ ಕಾರ್ಯದಲ್ಲಿ ತಮಗೆ ನೆರವಾದ ಸ್ಥಳೀಯ ಅಸ್ಪೃಶ್ಯ ಜನರನ್ನು ಅವರು ತಿರುಕುಲದವರೆಂದು ಕರೆದು, ದೇವಾಲಯದ ಪ್ರವೇಶದಲ್ಲಿ ಹಕ್ಕನ್ನು ಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಆಶ್ರಯ ಪಡೆದವನು ಮತ್ತೊಬ್ಬರಿಗೆ ಆಶ್ರಯವಾದನು. ಪರಸ್ಥಳದವನೊಬ್ಬನು ಊರನ್ನು ತನ್ನದಾಗಿ ಮಾಡಿಕೊಳ್ಳುವ ಕ್ರಮ ಇದು.

ಹೀಗಿದ್ದರೂ ಆ ಹಕ್ಕಿನ ಮಿತಿಯನ್ನು ಮರೆಯಲಾಗದು. 1800ರಲ್ಲಿ ಈ ನಾಡನ್ನು ಸಂಚರಿಸಿದ ಬುಕಾನನ್ನನ ಬರವಣಿಗೆಯಿಂದ, ತಿರುಕುಲದವರಿಗೆ ದೇಗುಲದ ಪ್ರವೇಶ ವರ್ಷಕ್ಕೆ ಮೂರು ದಿನಗಳ ಮಟ್ಟಿಗೆ ಇತ್ತೆಂದು ತಿಳಿದುಬರುತ್ತದೆ. ಉಳಿದ ದಿನಗಳಲ್ಲಿ ಅವರು ಹೊರಗಿನವರೇ. ವಿದ್ವಾಂಸನಿಗೆ ಅಗ್ರಹಾರ, ಯೋಗಿಗೆ ಗಿರಿ, ವರ್ತಕನಿಗೆ ಪೇಟೆ ಎಂದು ಹೇಳುವಾಗ, ಊರ ಹೊರಗಿನ ಕೇರಿಯಲ್ಲಿದ್ದವನಿಗೆ ಆಯ್ಕೆಯೇ ಇರಲಿಲ್ಲವೆಂಬ ಸತ್ಯ ಎದುರಾಗುತ್ತದೆ. ಅವನ ಸ್ವಭಾವವೇನೆಂದು ಯಾರೂ ಕೇಳಲಿಲ್ಲ. ಅವನ ನೆಲೆಯನ್ನು ಅವನ ಹುಟ್ಟು ಮೊದಲೇ ಗೊತ್ತುಮಾಡಿತ್ತು. ಕಾನೂನಿನ ಬಲದಿಂದ ಅಸ್ಪೃಶ್ಯತೆ ರದ್ದಾದುದು 1950ರಲ್ಲಿ ಸಂವಿಧಾನ ಜಾರಿಗೆ ಬಂದ ಮೇಲೆ.

ಮೇಲುಕೋಟೆಯಲ್ಲಿ ಈ ಹಕ್ಕಿನ ಮಾತು ಹುಟ್ಟಿದ ಶತಮಾನದಲ್ಲಿಯೇ ಉತ್ತರದ ಕಲ್ಯಾಣದಲ್ಲಿ ಇದೇ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ಎದ್ದಿತ್ತು. ಉಡುತಡಿಯಿಂದ ಮಹಾದೇವಿಯಕ್ಕ, ಬಳ್ಳಿಗಾವೆಯಿಂದ ಅಲ್ಲಮಪ್ರಭು, ಸೊನ್ನಲಿಗೆಯಿಂದ ಸಿದ್ಧರಾಮ, ಮಾಳವದಿಂದ ಡೋಹರ ಕಕ್ಕಯ್ಯ, ಕಾಶ್ಮೀರದಿಂದ ಮೋಳಿಗೆಯ ಮಾರಯ್ಯ ಬಂದು ಅಲ್ಲಿ ಕೂಡಿದರೆಂದು ಶರಣ ಪರಂಪರೆ ತಿಳಿಸುತ್ತದೆ. ಇವರನ್ನು ಕೂಡಿಸಿದುದು ಕುಲವಲ್ಲ, ವೃತ್ತಿಯಲ್ಲ, ಅರಸನ ದತ್ತಿಯೂ ಅಲ್ಲ, ಸಮಾನವಾದ ಹಂಬಲವೊಂದೇ. ಹುಟ್ಟಿನ ನೆರೆಯನ್ನು ತೊರೆದು ಅಂತರಂಗಕ್ಕೆ ಒಪ್ಪುವ ನೆರೆಯನ್ನು ಆರಿಸಿಕೊಳ್ಳುವ ಹಕ್ಕನ್ನು ಅಲ್ಲಿ ಮೊದಲ ಬಾರಿಗೆ ಕೇರಿಯವನಿಗೂ ಸ್ತ್ರೀಗೂ ಸಮವಾಗಿ ಮನ್ನಿಸಲಾಯಿತು. ಹರಳಯ್ಯ ಮಧುವರಸರ ಮಕ್ಕಳ ವಿವಾಹದಿಂದ ಎದ್ದ ಕೋಲಾಹಲದಲ್ಲಿ ಆ ಕೂಟ ಚದುರಿತು. ಕಲ್ಯಾಣ ಎಲ್ಲರನ್ನೂ ಒಳಗೆ ಕರೆದುಕೊಂಡಿತು, ಬಹುಕಾಲ ಬಾಳಲಿಲ್ಲ. ಮೇಲುಕೋಟೆ ಬಹುಕಾಲ ಬಾಳಿತು, ಎಲ್ಲರನ್ನೂ ಪೂರ್ಣವಾಗಿ ಒಳಗೆ ಕರೆದುಕೊಳ್ಳಲಿಲ್ಲ. ಚರಿತ್ರೆಯ ವಿದ್ಯಾರ್ಥಿ ಈ ಎರಡನ್ನೂ ಒಟ್ಟಿಗೆ ನೆನೆಯಬೇಕು.

ಒಂದು ಬಳಗ ತನ್ನವರೊಳಗೆ ಎಷ್ಟೇ ಒಗ್ಗಟ್ಟಾಗಿದ್ದರೂ ಪಕ್ಕದ ಬಳಗದೊಡನೆ ಹೊಂದಿಕೊಳ್ಳದಿದ್ದರೆ ಅದರ ನೆಮ್ಮದಿ ಉಳಿಯದು. ಇದಕ್ಕೆ 1368ರ ಒಂದನೆಯ ಬುಕ್ಕರಾಯನ ಶಾಸನ ಸಾಕ್ಷಿ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾದಾಗ ಜೈನರು ಅರಸನಲ್ಲಿ ಮೊರೆಯಿಟ್ಟರು. ಶ್ರೀರಂಗ, ತಿರುಪತಿ, ಕಂಚಿಗಳ ಆಚಾರ್ಯರೊಂದಿಗೆ ಮೇಲುಕೋಟೆಯ ಆಚಾರ್ಯರೂ, ಅವರೊಡನೆ ತಿರುಕುಲ, ಜಾಂಬವಕುಲದವರೂ ಆ ಸಭೆಯಲ್ಲಿದ್ದರು. ಬುಕ್ಕರಾಯನು ಜೈನರ ಕೈಯನ್ನು ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರು ಮೊದಲಿನಂತೆ ಪಂಚಮಹಾವಾದ್ಯಗಳನ್ನೂ ಕಲಶವನ್ನೂ ಬಳಸಬಹುದೆಂದು ನಿರ್ಣಯವಾಯಿತು. ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸುವ ಹೊಣೆ ತಿರುಮಲೆಯ ತಾತಯ್ಯನದಾಯಿತು. ಇದರ ವೆಚ್ಚಕ್ಕಾಗಿ ಜೈನರ ಮನೆಮನೆಗೆ ಒಂದು ಹಣದಂತೆ ಎತ್ತಬೇಕೆಂದೂ, ಉಳಿದುದನ್ನು ಜೀರ್ಣವಾದ ಜಿನಾಲಯಗಳ ಸುಣ್ಣಬಣ್ಣಕ್ಕೆ ಬಳಸಬೇಕೆಂದೂ ಗೊತ್ತಾಯಿತು. ವೈಷ್ಣವನು ಜಿನಾಲಯದ ಕಾವಲಿಗೆ ಹೊಣೆಯಾಗುವುದು ಸಾಮಾನ್ಯವಾದ ಸಂಗತಿಯಲ್ಲ. ಸೌಹಾರ್ದವನ್ನು ಬರಿಯ ಮಾತಿಗೆ ಬಿಡದೆ ಅದಕ್ಕೆ ಹಣ, ಆಳು, ಹೊಣೆಗಳನ್ನು ನಿಯಮಿಸಿದುದೇ ಈ ತೀರ್ಪಿನ ವೈಶಿಷ್ಟ್ಯ.

ಮೇಲೆ ಹೇಳಿದ ವಸತಿಗಳಲ್ಲಿ ಜನರ ಇಷ್ಟಕ್ಕೆ ಸ್ವಲ್ಪವಾದರೂ ಎಡೆಯಿತ್ತು. ಇಷ್ಟವೇ ಇಲ್ಲದೆ ಕಟ್ಟಿದ ವಸತಿಯ ಗತಿಯನ್ನು ಶ್ರೀರಂಗಪಟ್ಟಣದ ದ್ವೀಪದಲ್ಲಿ ಕಾಣಬಹುದು. 1610ರಲ್ಲಿ ರಾಜ ಒಡೆಯರ ವಶವಾದ ಈ ಪಟ್ಟಣ ಸುಮಾರು ಎರಡು ಶತಮಾನಗಳ ಕಾಲ ಮೈಸೂರು ರಾಜ್ಯದ ರಾಜಧಾನಿಯಾಗಿತ್ತು. ಟಿಪ್ಪು ಸುಲ್ತಾನನು ದ್ವೀಪದ ಪೂರ್ವಭಾಗದಲ್ಲಿ ಶಹರ್ ಗಂಜಾಂ ಎಂಬ ಹೊಸ ಪೇಟೆಯನ್ನು ನಿರ್ಮಿಸಿ, ಅದನ್ನು ತುಂಬಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಕರೆತಂದನೆಂದು ಮೈಸೂರು ಗೆಜೆಟಿಯರಿನಲ್ಲಿ ಹೇಳಿದೆ. ಶಿರಾ ಬರಿದಾಯಿತು, ಗಂಜಾಂ ತುಂಬಿತು. 1799ರ ಮೇ 4ರಂದು ಕೋಟೆ ಬಿದ್ದು ರಾಜಧಾನಿ ಮೈಸೂರಿಗೆ ಹೋದಾಗ ಆ ತುಂಬಿದ ಪೇಟೆ ನಿಲ್ಲಲಿಲ್ಲ. ಟಿಪ್ಪುವಿನ ಕಾಲದಲ್ಲಿ ದ್ವೀಪದ ಜನಸಂಖ್ಯೆ 1,50,000ದಷ್ಟಿತ್ತೆಂದು ಬುಕಾನನ್ ಅಂದಾಜು ಮಾಡಿದನು. ಅವನು ಬಂದ 1800ರಲ್ಲಿ ಅದು 32,000ದ ಆಸುಪಾಸಿಗೆ ಇಳಿದಿತ್ತು. ಚಳಿಜ್ವರದ ಬಾಧೆ ಆ ಇಳಿತವನ್ನು ಮುಂದುವರಿಸಿತು. ಅರಮನೆಯ ಅಗತ್ಯಕ್ಕಾಗಿ ಸೇರಿದ ಜನರಿಗೆ ಅರಮನೆ ಹೋದ ಮೇಲೆ ಒಬ್ಬರಿಗೊಬ್ಬರ ನಂಟು ಸಾಲದೆ ಹೋಯಿತು. ಗಂಜಾಂ ಇಂದು ನಿಮಿಷಾಂಬೆಯ ಸನ್ನಿಧಿಯಿಂದ ಹೆಸರಾದ ಒಂದು ಊರಾಗಿ ಉಳಿದಿದೆ. ಹಿರೋಡೆಯ ಬಳಿ ಬೀಡುಬಿಟ್ಟಿದ್ದ ಫ್ರೆಂಚ್ ಸಿಪಾಯಿಗಳ ಕಥೆಯೂ ಇಂಥದೇ. ಅವರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಹುಕಾಲ ಉಳಿಯಿತು, ಅವರು ಉಳಿಯಲಿಲ್ಲ. ಊರು ಇಂದು ಪಾಂಡವಪುರ.

ಬಲವಂತದ ಸ್ಥಳಾಂತರವೆಲ್ಲವೂ ಹೀಗೆಯೇ ಮುಗಿಯಬೇಕೆಂದಿಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನಿರ್ಮಾಣದಿಂದ ಹಳೆಯ ಕನ್ನಂಬಾಡಿಯೂ ಸುತ್ತಲಿನ ಹಲವು ಹಳ್ಳಿಗಳೂ ನೀರಿನಲ್ಲಿ ಮುಳುಗಿದವು. ಇಲ್ಲಿಯೂ ಜನರ ಇಷ್ಟವನ್ನು ಯಾರೂ ಕೇಳಲಿಲ್ಲ. ಆದರೆ ಕನ್ನಂಬಾಡಿಯವರು ನೀರಿನ ದಡದಲ್ಲಿ ಹೊಸ ಕನ್ನಂಬಾಡಿಯನ್ನು ಕಟ್ಟಿಕೊಂಡರು. ಹೆಸರನ್ನು ಹೊತ್ತುಕೊಂಡೇ ಹೋದರು. ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ವೇಣುಗೋಪಾಲನ ಹಳೆಯ ಗುಡಿ ತಲೆಯೆತ್ತಿ ಕಾಣುತ್ತಿತ್ತು. ಇತ್ತೀಚಿನ ದಶಕಗಳಲ್ಲಿ ಆ ಗುಡಿಯ ಕಲ್ಲುಗಳನ್ನು ಬಿಚ್ಚಿ ತಂದು ಹೊಸ ಊರಿನ ಬಳಿ ಮತ್ತೆ ಜೋಡಿಸಲಾಯಿತು. ನೆಲೆ ಕಳೆದುಹೋದರೂ ನೆರೆ ಉಳಿದರೆ ಊರು ಮರಳಿ ಹುಟ್ಟಬಲ್ಲುದು ಎಂಬುದಕ್ಕೆ ಇದೊಂದು ದೃಷ್ಟಾಂತ. ಶಿರಾದ ಕುಟುಂಬಗಳು ಹೊಸ ಪೇಟೆಯನ್ನು ತುಂಬುವ ಲೆಕ್ಕವಾಗಿ ಬಂದವು. ಕನ್ನಂಬಾಡಿಯವರು ಊರಾಗಿ ಬಂದರು.

ಆಧುನಿಕ ಕಾಲದಲ್ಲಿ ಈ ಸೀಮೆಯ ಪ್ರತಿಭಾವಂತರಲ್ಲಿ ಅನೇಕರು ತಮಗೆ ಒಗ್ಗುವ ಬಳಗವನ್ನು ಹೊರಗೆ ಕಂಡುಕೊಂಡರು. ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯನವರು ಶ್ರೀರಂಗಪಟ್ಟಣದಲ್ಲಿ ಬಾಲ್ಯದ ವಿದ್ಯಾಭ್ಯಾಸ ಮಾಡಿ ಮೈಸೂರಿನ ಕಾಲೇಜಿನಲ್ಲಿ ಕನ್ನಡದ ಹೊಸ ಪೀಳಿಗೆಯನ್ನೇ ತಮ್ಮ ಬಳಗವಾಗಿಸಿಕೊಂಡರು. ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾವ್, ಮೇಲುಕೋಟೆಯ ಪು. ತಿ. ನರಸಿಂಹಾಚಾರ್, ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿ ಇವರೆಲ್ಲರೂ ನಗರಗಳಲ್ಲಿ ಬಾಳಿದವರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ ಹುಟ್ಟಿದ ಎಚ್. ಎಲ್. ನಾಗೇಗೌಡರು ಅಧಿಕಾರದಿಂದ ನಿವೃತ್ತರಾದ ಮೇಲೆ ಹಳ್ಳಿಯ ಹಾಡು, ಕಥೆ, ಉಪಕರಣಗಳನ್ನು ಕೂಡಿಸಿ ರಾಮನಗರದ ಬಳಿ ಜಾನಪದ ಲೋಕವನ್ನೇ ನಿರ್ಮಿಸಿದರು. ಹಳ್ಳಿ ಇವರನ್ನು ಕಟ್ಟಿಹಾಕಲಿಲ್ಲ. ಇವರೂ ಹಳ್ಳಿಯನ್ನು ಕಳೆದುಕೊಳ್ಳಲಿಲ್ಲ. ಹುಟ್ಟಿದ ನೆರೆಯಿಂದ ಪಡೆದುದನ್ನು ಆರಿಸಿಕೊಂಡ ನೆರೆಗೆ ಒಪ್ಪಿಸಿದರು.

ಇಂದು ಈ ನಾಲ್ಕು ತಾಲ್ಲೂಕುಗಳ ಮಕ್ಕಳು ಓದಿಗೂ ಉದ್ಯೋಗಕ್ಕೂ ಮೈಸೂರು ಬೆಂಗಳೂರುಗಳಿಗೆ ಹೋಗುವಾಗ ಯಾವ ಬಡಾವಣೆಯಲ್ಲಿ ಮನೆ ಮಾಡಬೇಕು, ಯಾರ ನಡುವೆ ಬಾಳಬೇಕು ಎಂದು ಚಿಂತಿಸುವುದು ಸಹಜ. ತನ್ನಂಥವರ ನಡುವೆ ಇರಬೇಕೆಂಬ ಬಯಕೆಯಲ್ಲಿ ದೋಷವಿಲ್ಲ. ಆದರೆ ತನ್ನಂಥವರು ಎಂಬ ಮಾತಿಗೆ ಜಾತಿಯೊಂದೇ ಅರ್ಥವಾದರೆ ಅದು ಹಳೆಯ ಕೇರಿಯೇ ಹೊಸ ಹೆಸರಿನಲ್ಲಿ ಮರಳಿದಂತೆ. ತೊಣ್ಣೂರಿನ ಕೆರೆಯ ಬಳಿ ನಂಬಿನಾರಾಯಣನ ದೇಗುಲವೂ ಸಾಲಾರ್ ಮಸೂದರ ದರ್ಗಾ ಕೂಡ ಇವೆ. ಆ ಕೆರೆಯನ್ನು ಶ್ರೀವೈಷ್ಣವರು ತಿರುಮಲಸಾಗರವೆಂದರು. 18ನೆಯ ಶತಮಾನದಲ್ಲಿ ಅದನ್ನು ಕಂಡ ನಾಸಿರ್ ಜಂಗನು ಮುತ್ತಿನ ಕೆರೆಯೆಂಬ ಅರ್ಥದಲ್ಲಿ ಮೋತಿ ತಲಾಬ್ ಎಂದನು. ಕೆಳಗಿನ ಗದ್ದೆಗಳಿಗೆ ಎರಡು ಹೆಸರಿನಿಂದಲೂ ಒಂದೇ ನೀರು ಹರಿಯಿತು.

ಸ್ವಭಾವಕ್ಕೆ ಒಗ್ಗುವ ನೆರೆ ಸಿದ್ಧವಾಗಿ ದೊರೆಯುವ ವಸ್ತುವಲ್ಲ. ಬಂದವನೂ ಇದ್ದವನೂ ಕೂಡಿ ಅದನ್ನು ಮಾಡಿಕೊಳ್ಳಬೇಕಾಗುತ್ತದೆ. ಊರಿನ ಯೋಗ್ಯತೆಯನ್ನು ಅಳೆಯಬೇಕಾದರೆ ಅಲ್ಲಿ ನೆಮ್ಮದಿಯಿಂದಿರುವವರನ್ನು ಕೇಳಿದರೆ ಸಾಲದು. ಆಯ್ಕೆಯ ಅವಕಾಶವಿಲ್ಲದೆ ಅಲ್ಲಿಗೆ ಬಂದವನಿಗೆ, ಅಂಚಿನ ಕೇರಿಯಲ್ಲಿ ಹುಟ್ಟಿದವನಿಗೆ, ಆ ಊರು ವರ್ಷದ ಎಷ್ಟು ದಿನ ತನ್ನ ಬಾಗಿಲನ್ನು ತೆರೆದಿಟ್ಟಿತೆಂಬುದನ್ನು ಎಣಿಸಿ ನೋಡಬೇಕು.